ಒಣ ಕಸ ಕೂಡಿಡುವ ಮನೆಗಳಲ್ಲೇ ಸೊಳ್ಳೆ ಹುಟ್ಟುತ್ತಿದೆಯೇ? ಬಡಾವಣೆಯ ನಿವಾಸಿಗಳ ಚರ್ಚೆ

ಮೂರನೇ ಅಡ್ಡರಸ್ತೆಯ ನಿವಾಸಿ, ಬೆಂಗಳೂರು

ಕಳೆದ ಶುಕ್ರವಾರ ಬೆಳಿಗ್ಗೆ ಇಬ್ಬರು ಆಶಾ ಕಾರ್ಯಕರ್ತೆಯರು ಸೊಳ್ಳೆಯ ಮರಿಹುಳು ಹುಡುಕುವ ಲಾರ್ವಾ ಸಮೀಕ್ಷೆಗೆಂದು ನಮ್ಮ ಮನೆಗೆ ಬಂದಿದ್ದರು. ಸಂಪಿನ ಮುಚ್ಚಳ ಸರಿಯಾಗಿದೆ, ಮೇಲಿನ ಟ್ಯಾಂಕಿಗೆ ಬಲೆ ಕಟ್ಟಿದ್ದೇವೆ, ಹೂಕುಂಡಗಳ ಕೆಳಗೆ ತಟ್ಟೆಯನ್ನೇ ಇಟ್ಟಿಲ್ಲ ಎಂಬ ಧೈರ್ಯದಿಂದ ನಾನೇ ಮುಂದಾಗಿ ಅವರನ್ನು ತಾರಸಿಗೆ ಕರೆದುಕೊಂಡು ಹೋದೆ. ಟ್ಯಾಂಕಿನ ಹಿಂದೆ, ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಟ್ಟಿಗೇ ಕೊಡೋಣವೆಂದು ಎರಡು ತಿಂಗಳಿನಿಂದ ಕೂಡಿಟ್ಟಿದ್ದ ಗೋಣಿಚೀಲವೊಂದು ಮಳೆಗೆ ನೆನೆದು ಬಾಯಿ ಬಿಚ್ಚಿಕೊಂಡು ಬಿದ್ದಿತ್ತು. ಅದರಿಂದ ಉರುಳಿದ್ದ ಮೊಸರಿನ ಡಬ್ಬಿಯೊಂದರೊಳಗೆ ಟಾರ್ಚಿನ ಬೆಳಕು ಬಿಟ್ಟಾಗ, ನಾಲ್ಕು ಚಮಚಕ್ಕಿಂತ ಹೆಚ್ಚಿಲ್ಲದ ನೀರಿನಲ್ಲಿ ಮರಿಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಅಂಚಿನಲ್ಲಿಯೂ ಅದೇ ಕಥೆ.

ಹಸಿ ಕಸ, ಒಣ ಕಸ ಮತ್ತು ನೈರ್ಮಲ್ಯ ತ್ಯಾಜ್ಯವನ್ನು ಎರಡು ಬುಟ್ಟಿ, ಒಂದು ಚೀಲದಲ್ಲಿ ಬೇರೆಬೇರೆಯಾಗಿ ಕೊಡಬೇಕೆಂದು 2015ರಲ್ಲಿ ಹೈಕೋರ್ಟ್ ಆದೇಶ ಬಂದಾಗಿನಿಂದ ನಮ್ಮ ಮನೆಯಲ್ಲಿ ಆ ಕ್ರಮ ಒಂದು ದಿನವೂ ತಪ್ಪಿಲ್ಲ. ಆದ್ದರಿಂದ ನನಗಾದ ನಾಚಿಕೆ ಸಣ್ಣದಲ್ಲ. ಭಾನುವಾರದ ನಿವಾಸಿಗಳ ಸಭೆಯಲ್ಲಿ ಹಿರಿಯರೊಬ್ಬರು, ಮರುಬಳಕೆಯ ಹೆಸರಿನಲ್ಲಿ ಮನೆಯಲ್ಲಿ ಗುಜರಿ ಅಂಗಡಿ ಇಟ್ಟುಕೊಂಡವರೇ ಇಡೀ ರಸ್ತೆಗೆ ಡೆಂಗಿ ಹಂಚುತ್ತಿದ್ದಾರೆ ಎಂದರು. ಸಭೆಯಲ್ಲಿ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ. ಆದರೆ ಕೂಡಿಡುವುದನ್ನು ಬಿಟ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಟಿಪ್ಪರಿಗೆ ಹಾಕುವುದು ಇದಕ್ಕೆ ಪರಿಹಾರ ಎಂದು ನನಗೆ ಅನ್ನಿಸುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಲ್ಲಿ ಕಸ ಬೇರ್ಪಡಿಸುವುದು, ಸೊಳ್ಳೆ ತಡೆಯುವುದು ಈ ಎರಡು ಕೆಲಸಗಳನ್ನು ಒಂದಕ್ಕೊಂದು ಅಡ್ಡಬಾರದಂತೆ ನಡೆಸಿಕೊಂಡು ಬರುತ್ತಿರುವವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕು.

ಅದೇ ರಸ್ತೆಯ ಹಿರಿಯ ನಾಗರಿಕ

ಸಭೆಯಲ್ಲಿ ಆ ಮಾತು ಆಡಿದವನು ನಾನೇ. ಸ್ವಲ್ಪ ಕಟುವಾಗಿ ಆಡಿದೆನೆಂದು ನನ್ನ ಮನೆಯವರೂ ಹೇಳಿದರು, ಅದಕ್ಕೆ ಕ್ಷಮೆಯಿರಲಿ. ಮಾತಿನ ಹುರುಳನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಡೆಂಗಿಯಿಂದ ಆರು ದಿನ ಆಸ್ಪತ್ರೆಯಲ್ಲಿದ್ದಳು. ಆಗಿನಿಂದ ಯಾರ ತಾರಸಿಯ ಮೇಲೆ ಏನು ಬಿದ್ದಿದೆ ಎಂದು ನಮ್ಮ ಮೂರನೇ ಮಹಡಿಯಿಂದ ನೋಡುವುದೇ ನನಗೆ ಅಭ್ಯಾಸವಾಗಿಬಿಟ್ಟಿದೆ. ಒಡೆದ ಬಕೆಟ್ಟು, ಹಳೆಯ ಕಮೋಡು, ಮಕ್ಕಳ ಸ್ನಾನದ ಟಬ್ಬು, ಮಡಿಸದೆ ಬಿಟ್ಟ ಟಾರ್ಪಾಲು, ಯಾವುದೋ ಕಾಲದ ಟೈರು ಎಲ್ಲವೂ ಅಲ್ಲಿವೆ. ಇವೆಲ್ಲ ಮುಂದೊಂದು ದಿನ ಉಪಯೋಗಕ್ಕೆ ಬರುತ್ತವೆ ಎಂದು ಇಟ್ಟವೇ ಹೊರತು ಯಾರೂ ಕಸವೆಂದು ಇಟ್ಟಿದ್ದಲ್ಲ.

ಇನ್ನು ಪಾಲಿಕೆಯವರ ಪಾಲೂ ಇದರಲ್ಲಿದೆ. ಮೋರಿಯಲ್ಲಿ ಕವರುಗಳು ಕಟ್ಟಿಕೊಂಡು ನೀರು ನಿಂತಿದೆ, ಹೊಗೆ ಹೊಡೆಯುವ ಗಾಡಿ ಈ ವರ್ಷ ಒಮ್ಮೆಯೂ ಬಂದಿಲ್ಲ. ವಾರಕ್ಕೊಮ್ಮೆ ಫಾಗಿಂಗ್ ಮಾಡಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಆರೋಗ್ಯ ನಿರೀಕ್ಷಕ, ಮೈಸೂರು

ಮೂವತ್ತು ವರ್ಷ ಈ ಕೆಲಸ ಮಾಡಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಿರಿಯರು ಹೇಳಿದ ಮೋರಿಯ ಸೊಳ್ಳೆ ಬೇರೆ, ಡೆಂಗಿ ಹರಡುವ ಸೊಳ್ಳೆ ಬೇರೆ. ಕೊಳಚೆ ನೀರಿನಲ್ಲಿ ಹುಟ್ಟಿ ರಾತ್ರಿಯೆಲ್ಲ ಕಿವಿಯ ಬಳಿ ಗುಂಯ್‌ಗುಡುವುದು ಕ್ಯೂಲೆಕ್ಸ್. ಆನೆಕಾಲು ರೋಗವನ್ನು ಹರಡುವುದು ಅದು. ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹೊತ್ತು ತರುವ ಈಡಿಸ್ ಸೊಳ್ಳೆಗೆ ಸಾಮಾನ್ಯವಾಗಿ ಕೊಳಚೆ ಬೇಡ. ಅದಕ್ಕೆ ಮನೆಯ ಆಸುಪಾಸಿನಲ್ಲಿ ಪಾತ್ರೆಯಂತಹ ಯಾವುದಾದರೂ ವಸ್ತುವಿನಲ್ಲಿ ನಿಂತ, ನೋಡಲು ತಿಳಿಯಾದ ನೀರು ಬೇಕು. ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಈ ಸೊಳ್ಳೆ ಹಗಲು ಹೊತ್ತಿನಲ್ಲಿ, ಮುಖ್ಯವಾಗಿ ಬೆಳಗಿನ ಜಾವದ ನಂತರ ಮತ್ತು ಸಂಜೆ ಕತ್ತಲಾಗುವ ಮುನ್ನ ಕಚ್ಚುತ್ತದೆ. ಹುಟ್ಟಿದ ಸ್ಥಳದಿಂದ ಕೆಲವು ನೂರು ಮೀಟರ್‌ಗಿಂತ ಆಚೆ ಅದು ಹಾರುವುದು ಅಪರೂಪ. ಹಾಗಾಗಿ ನಿಮ್ಮ ರಸ್ತೆಯಲ್ಲಿ ಡೆಂಗಿಯಾದರೆ, ಆ ಸೊಳ್ಳೆ ಬಹುಮಟ್ಟಿಗೆ ನಿಮ್ಮ ರಸ್ತೆಯದೇ ಎಂದು ತಿಳಿಯಬೇಕು.

ಫಾಗಿಂಗ್ ಹಾರಾಡುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ಡಬ್ಬಿಯ ನೀರಿನಲ್ಲಿರುವ ಮರಿಹುಳುವಿಗೆ ಏನನ್ನೂ ಮಾಡುವುದಿಲ್ಲ. ಹೊಗೆ ಬರುತ್ತಿದೆಯೆಂದು ಕಿಟಕಿ ಮುಚ್ಚಿಕೊಳ್ಳುವುದು ನಮ್ಮ ರೂಢಿ. ಈಡಿಸ್ ವಿಶ್ರಾಂತಿ ಪಡೆಯುವುದೋ ಮಂಚದ ಕೆಳಗೆ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಯ ಮರೆಯಲ್ಲಿ. ಒಂದು ಪ್ರದೇಶದಲ್ಲಿ ಪ್ರಕರಣಗಳು ಒಟ್ಟಿಗೇ ಕಾಣಿಸಿಕೊಂಡಾಗ ಫಾಗಿಂಗ್‌ನಿಂದ ಉಪಯೋಗವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ವಾರ ಹೊಗೆ ಹಾಕಿಸಿ ಡಬ್ಬಿಯನ್ನು ಹಾಗೆಯೇ ಬಿಟ್ಟರೆ, ನಲ್ಲಿ ತೆರೆದಿಟ್ಟು ನೆಲ ಒರೆಸಿದಂತೆ.

ಈಗ ಮೊಸರಿನ ಡಬ್ಬಿಯ ವಿಷಯ. ಹೆಣ್ಣು ಈಡಿಸ್ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆಯಾದ ಗೋಡೆಯ ಮೇಲೆ. ನೀರು ಆರಿಹೋದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಜನರು ನೀರನ್ನು ಚೆಲ್ಲಿ, ಅದೇ ಡಬ್ಬಿಯನ್ನು ಅದೇ ಮೂಲೆಯಲ್ಲಿಟ್ಟು, ತಮ್ಮ ಕೆಲಸ ಮುಗಿಯಿತೆಂದು ಭಾವಿಸುವುದನ್ನು ನಾನು ಸಾವಿರಾರು ಮನೆಗಳಲ್ಲಿ ನೋಡಿದ್ದೇನೆ. ಒಳಗೋಡೆಯನ್ನು ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ತಿಕ್ಕಿ ತೊಳೆಯದಿದ್ದರೆ ನೀರು ಚೆಲ್ಲಿದ್ದು ಅರ್ಧ ಕೆಲಸ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಎಂಬ ಲೆಕ್ಕ ಬಂದಿರುವುದು ಇದರಿಂದಲೇ. ರಾಜ್ಯದಲ್ಲಿ ಶುಕ್ರವಾರವನ್ನು ಲಾರ್ವಾ ತಾಣಗಳ ನಾಶಕ್ಕೆ ಗೊತ್ತುಪಡಿಸಿರುವುದೂ ಅದಕ್ಕಾಗಿಯೇ, ವಾರದ ಹೆಸರಿನಲ್ಲಿ ಬೇರೆ ಮಹಿಮೆಯೇನಿಲ್ಲ.

ಸಮೀಕ್ಷೆಯಲ್ಲಿ ನಾವು ಬ್ರೆಟೋ ಸೂಚ್ಯಂಕ ಎಂಬ ಲೆಕ್ಕವನ್ನು ತೆಗೆಯುತ್ತೇವೆ. ನೂರು ಮನೆಗಳನ್ನು ನೋಡಿದರೆ ಎಷ್ಟು ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು ಎಂಬುದೇ ಅದು. ಗಮನಿಸಿ, ಎಣಿಸುವುದು ಸೊಳ್ಳೆಗಳನ್ನಲ್ಲ, ಪಾತ್ರೆಗಳನ್ನು. ಆದ್ದರಿಂದ ಒಣ ಕಸವನ್ನು ಸರಿಯಾಗಿ ವಿಲೇವಾರಿ ಮಾಡುವುದು ಮತ್ತು ಡೆಂಗಿ ತಡೆಯುವುದು ಎರಡು ಬೇರೆ ಕಾರ್ಯಕ್ರಮಗಳು ಎಂದು ನಾನು ಒಪ್ಪುವುದಿಲ್ಲ. ಅವು ಒಂದೇ ಡಬ್ಬಿಯ ಎರಡು ಹೆಸರು. ನಿಮ್ಮ ತಪ್ಪು ಬೇರ್ಪಡಿಸಿದ್ದರಲ್ಲಿ ಇಲ್ಲ, ಎರಡು ತಿಂಗಳು ಕೂಡಿಟ್ಟದ್ದರಲ್ಲಿದೆ.

ತಾರಸಿ ತೋಟದ ಗೃಹಿಣಿ, ಬೆಂಗಳೂರು

ನಿರೀಕ್ಷಕರ ವಿವರಣೆಗೆ ವಂದನೆಗಳು. ಹಸಿ ಕಸದ ಕಡೆಯಿಂದ ನನ್ನ ಅನುಭವವನ್ನು ಸೇರಿಸುತ್ತೇನೆ. ಮನೆಯಲ್ಲಿ ಗೊಬ್ಬರ ಮಾಡಿದರೆ ಸೊಳ್ಳೆ ಹೆಚ್ಚುತ್ತದೆ ಎಂದು ನಮ್ಮ ಕಟ್ಟಡದಲ್ಲಿ ಬಹಳ ಜನ ನಂಬಿದ್ದರು. ಗೊಬ್ಬರದ ಮಡಕೆಯನ್ನು ತೆರೆದಾಗ ಮೇಲೇಳುವ ಚಿಕ್ಕ ಕೀಟಗಳು ಹಣ್ಣಿನ ನೊಣಗಳು. ಅವು ಕಿರಿಕಿರಿ ಮಾಡುತ್ತವೆ, ಕಚ್ಚುವುದಿಲ್ಲ. ಸೊಳ್ಳೆಗೆ ನಿಂತ ನೀರು ಬೇಕೇ ಬೇಕು, ಸರಿಯಾಗಿ ಮಾಗುತ್ತಿರುವ ಗೊಬ್ಬರ ಹಿಂಡಿದ ಬಟ್ಟೆಯಷ್ಟು ಮಾತ್ರ ಒದ್ದೆಯಾಗಿರುತ್ತದೆ. ಪ್ರತಿದಿನ ತರಕಾರಿ ಸಿಪ್ಪೆಯ ಮೇಲೆ ಒಂದು ಪದರ ತೆಂಗಿನ ನಾರಿನ ಪುಡಿಯನ್ನೋ ಒಣ ಎಲೆಯನ್ನೋ ಹರಡಿದರೆ ನೊಣವೂ ಹತೋಟಿಗೆ ಬರುತ್ತದೆ, ವಾಸನೆಯೂ ಬರುವುದಿಲ್ಲ.

ತೊಂದರೆ ಇರುವುದು ಮಡಕೆಯ ಕೆಳಗೆ. ಸೋರುವ ರಸ ಹಿಡಿಯಲು ನಾವು ಇಡುವ ತಟ್ಟೆಯಲ್ಲಿ ಮಳೆನೀರೂ ಸೇರಿಕೊಂಡು ತೆಳ್ಳಗಾದಾಗ ಅಲ್ಲಿ ಮರಿಹುಳು ಕಾಣಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಈಗ ಆ ತಟ್ಟೆಯನ್ನು ತೆಗೆದು, ಮಡಕೆಯನ್ನು ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಕೆಳಗೆ ಒಣ ಎಲೆ ತುಂಬಿದ ಅಗಲವಾದ ಕುಂಡವೊಂದನ್ನು ಇಟ್ಟಿದ್ದೇನೆ. ರಸವನ್ನೆಲ್ಲ ಎಲೆಯೇ ಕುಡಿಯುತ್ತದೆ. ಒಡೆದ ಕುಂಡಗಳನ್ನು ಎಸೆಯಲು ಮನಸ್ಸು ಬಾರದೆ ಒಂದರೊಳಗೊಂದು ಇಟ್ಟಿದ್ದೆ, ಅವುಗಳ ನಡುವಿನ ಸಂದಿಯೂ ನೀರು ಹಿಡಿಯುತ್ತಿತ್ತು. ಅವನ್ನು ಒಡೆದು ಚೂರು ಮಾಡಿ ಹೊಸ ಕುಂಡಗಳ ತಳಕ್ಕೆ ಹಾಕಿದೆ.

ಇನ್ನೊಂದು ವಿಷಯವನ್ನು ಹೇಳಲು ಸಂಕೋಚವಾಗುತ್ತದೆ. ಹಳೆಯ ಗಾಜಿನ ಬಾಟಲಿಗಳಲ್ಲಿ ಮನಿಪ್ಲಾಂಟ್ ಬೆಳೆಸಿ, ಇದೇ ನಿಜವಾದ ಮರುಬಳಕೆ ಎಂದು ಹಲವರಿಗೆ ಉಡುಗೊರೆಯಾಗಿ ಕೊಟ್ಟವಳು ನಾನು. ಆ ಬಾಟಲಿಗಳಲ್ಲಿ ನೀರು ವಾರಗಟ್ಟಲೆ ಬದಲಾಗುವುದಿಲ್ಲ. ಪಡೆದವರು ದಯವಿಟ್ಟು ಬೇರನ್ನೂ ಬಾಟಲಿಯ ಒಳಭಾಗವನ್ನೂ ಪ್ರತಿ ವಾರ ತೊಳೆಯಬೇಕು, ಆಗದಿದ್ದರೆ ಗಿಡವನ್ನು ಮಣ್ಣಿಗೆ ನೆಡಬೇಕು. ಹಕ್ಕಿಗಳಿಗೆ ಇಡುವ ನೀರಿನ ಬಟ್ಟಲಿಗೂ ಇದೇ ಮಾತು ಅನ್ವಯಿಸುತ್ತದೆ. ನಾನು ಅದನ್ನು ದಿನವೂ ತಿಕ್ಕುತ್ತೇನೆ.

ಅಡಿಕೆ ಕೃಷಿಕ, ಪುತ್ತೂರು ಕಡೆಯವರು

ನಿಮ್ಮಲ್ಲಿ ಮೊಸರಿನ ಡಬ್ಬಿಯಾದರೆ ನಮ್ಮಲ್ಲಿ ಅಡಿಕೆ ಹಾಳೆ. ಮರದಿಂದ ಕಳಚಿ ಬಿದ್ದ ಹಾಳೆ ಅಂಗಾತವಾದರೆ ದೋಣಿಯಂತಾಗುತ್ತದೆ, ಒಂದು ಮಳೆಗೆ ತುಂಬುತ್ತದೆ. ಒಂದು ಎಕರೆ ತೋಟದಲ್ಲಿ ಇಂತಹ ದೋಣಿಗಳು ಎಷ್ಟಿರುತ್ತವೆಂದು ಎಣಿಸುತ್ತ ಕುಳಿತರೆ ಮಳೆಗಾಲವೇ ಮುಗಿದೀತು. ತೋಟದೊಳಗೆ ಹೆಚ್ಚಾಗಿ ಕಾಣುವುದು ಈಡಿಸ್‌ನ ಇನ್ನೊಂದು ಜಾತಿಯಾದ ಆಲ್ಬೊಪಿಕ್ಟಸ್. ಅದೂ ಡೆಂಗಿಯನ್ನು ಹರಡಬಲ್ಲದು. ರಬ್ಬರ್ ತೋಟದವರಿಗೆ ಹಾಲು ಇಳಿಸುವ ಚಿಪ್ಪು ಅಷ್ಟೇ ದೊಡ್ಡ ತಲೆನೋವು. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದವರು ಚಿಪ್ಪನ್ನು ಮರದಲ್ಲಿ ಹಾಗೆಯೇ ಬಿಡದೆ ಕವುಚಿ ಸಿಕ್ಕಿಸಿಡಬೇಕೆಂದು ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಹೇಳುತ್ತಾರೆ, ನಾವೂ ಪ್ರತಿ ವರ್ಷ ಅರ್ಧ ಕೇಳುತ್ತೇವೆ.

ಹಾಳೆಗೆ ಈಗ ಬೆಲೆ ಬಂದಿರುವುದು ನಮಗೆ ಒಂದು ಅನುಕೂಲವಾಗಿದೆ. ಹಾಳೆ ತಟ್ಟೆ ಮಾಡುವ ಘಟಕದವರು ಒಣಗಿದ ಚೊಕ್ಕ ಹಾಳೆಯನ್ನು ಮಾತ್ರ ಕೊಳ್ಳುತ್ತಾರೆ. ಹಾಗಾಗಿ ಬಿದ್ದ ಹಾಳೆಯನ್ನು ಮಳೆ ಹಿಡಿಯುವ ಮೊದಲೇ ಹೆಕ್ಕಿ ಅಟ್ಟಕ್ಕೆ ಹಾಕುವ ಅಭ್ಯಾಸ ಬಂದಿದೆ. ಆದರೆ ಅವರು ಬೇಡವೆಂದ ಹರಿದ ಹಾಳೆಯನ್ನು ಕೊಟ್ಟಿಗೆಯ ಹಿಂದೆ ರಾಶಿ ಹಾಕಿದರೆ ಮೊದಲಿನ ಸ್ಥಿತಿಗೇ ಬಂದೆವು ಎಂದರ್ಥ. ನಾವು ಅದನ್ನು ತುಂಡು ಮಾಡಿ ಅಡಿಕೆ ಬುಡಕ್ಕೆ ಮುಚ್ಚಿಗೆಯಾಗಿ ಹಾಕುತ್ತೇವೆ. ತೆಂಗಿನ ಚಿಪ್ಪು ಬಚ್ಚಲ ಒಲೆಗೆ ಹೋಗುತ್ತದೆ. ಒಲೆಯಿಲ್ಲದ ನಗರದವರು ಎಳನೀರು ಕುಡಿದು ಬುರುಡೆಯನ್ನು ಏನು ಮಾಡುತ್ತಾರೆಂಬುದೇ ನನಗೆ ಅರ್ಥವಾಗದ ಪ್ರಶ್ನೆ.

ಮಂಗಳೂರಿನ ಮಲೇರಿಯಾದ ಬಗ್ಗೆಯೂ ಒಂದು ಮಾತು. ಅಲ್ಲಿ ದಶಕಗಳ ಕಾಲ ಆ ಜ್ವರ ಬೇರೂರಿದ್ದಕ್ಕೆ ಕಟ್ಟಡ ಕಾಮಗಾರಿಗಳಲ್ಲಿ ಕಾಂಕ್ರೀಟ್ ಹದವಾಗಲೆಂದು ನಿಲ್ಲಿಸುವ ನೀರು ದೊಡ್ಡ ಕಾರಣಗಳಲ್ಲಿ ಒಂದು. ಮಲೇರಿಯಾ ತರುವ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಗೂ ಬಾವಿ, ಟ್ಯಾಂಕುಗಳ ಒಳ್ಳೆಯ ನೀರೇ ಪ್ರಿಯ. ನಿಮ್ಮ ಬಡಾವಣೆಯಲ್ಲಿ ಮನೆ ಕಟ್ಟುತ್ತಿರುವವರು ಇದ್ದರೆ ಅವರನ್ನೂ ಈ ಚರ್ಚೆಗೆ ಕರೆಯುವುದು ಒಳ್ಳೆಯದು.

ಶಿಕ್ಷಕ, ಕಲಬುರಗಿ ಜಿಲ್ಲೆ

ಮೇಲಿನ ಮಾತುಗಳೆಲ್ಲ ನೀರು ಸಾಕಷ್ಟು ಬರುವ ಊರಿನವರ ಮಾತುಗಳೆಂದು ನನಗೆ ಅನ್ನಿಸಿತು. ನಮ್ಮ ಊರಿನಲ್ಲಿ ನಳದ ನೀರು ಬರುವುದು ಹಲವು ದಿನಗಳಿಗೊಮ್ಮೆ; ಬೇಸಿಗೆಯಲ್ಲಿ ಆ ಅಂತರ ಇನ್ನೂ ಉದ್ದವಾಗುತ್ತದೆ. ಪ್ರತಿ ಮನೆಯ ಮುಂದೆ ಬ್ಯಾರಲ್ಲು, ಸಿಮೆಂಟಿನ ತೊಟ್ಟಿ, ಒಳಗೆ ಹರವಿ, ಕೊಡಗಳು ಇರುತ್ತವೆ. ಶುಕ್ರವಾರ ಎಲ್ಲವನ್ನೂ ಖಾಲಿ ಮಾಡಿ ಒಣಗಿಸಬೇಕೆಂದು ಭಿತ್ತಿಪತ್ರ ಅಂಟಿಸಿದರೆ, ಅಷ್ಟು ದೂರದಿಂದ ಹೊತ್ತು ತಂದ ನೀರನ್ನು ಚೆಲ್ಲಲು ಯಾವ ತಾಯಿ ಒಪ್ಪುತ್ತಾಳೆ? ಆಶಾ ಕಾರ್ಯಕರ್ತೆಗೂ ಅದು ಗೊತ್ತು, ಅವಳ ಮನೆಯಲ್ಲಿಯೂ ಅದೇ ಬ್ಯಾರಲ್ಲು ಇದೆ.

2006ರ ಚಿಕೂನ್‌ಗುನ್ಯಾ ವರ್ಷವನ್ನು ನಮ್ಮ ಕಡೆಯವರು ಮರೆತಿಲ್ಲ. ಆ ವರ್ಷ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾಗಿದ್ದವು. ಕೀಲುಗಳು ಹಿಡಿದುಕೊಂಡು ಇಡೀ ಓಣಿಗಳು ಮಲಗಿದ್ದವು, ಹೊಲದ ಕೆಲಸಕ್ಕೆ ಆಳು ಸಿಗಲಿಲ್ಲ. ಅದರ ನಂತರ ನಮ್ಮ ಶಾಲೆಯ ಮಕ್ಕಳ ಮೂಲಕ ನಾವು ಮಾಡಿದ ಕೆಲಸ ಸರಳವಾದದ್ದು. ಬ್ಯಾರಲ್ಲಿನ ತಗಡಿನ ಮುಚ್ಚಳ ಯಾವಾಗಲೂ ಒಂದು ಬದಿ ಮೇಲೆದ್ದಿರುತ್ತದೆ, ಆ ಸಂದಿ ಸೊಳ್ಳೆಗೆ ಹೆಬ್ಬಾಗಿಲು. ಹಳೆಯ ಸೀರೆ ಅಥವಾ ಧೋತರದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಹಾಸಿ, ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿದು ಕಟ್ಟಿಸಿದೆವು. ಹಳೆಯ ಬಟ್ಟೆ, ಹಳೆಯ ಟ್ಯೂಬು, ಖರ್ಚು ಸೊನ್ನೆ. ನೀರು ಬರುವ ದಿನದ ಮುಂಜಾನೆ, ಬ್ಯಾರಲ್ಲು ತಳ ಕಂಡಾಗ, ಉಳಿದ ಒಂದೆರಡು ಬಿಂದಿಗೆ ನೀರಿನಲ್ಲೇ ಒಳಗೋಡೆಯನ್ನು ತಿಕ್ಕಿ ತೊಳೆದು ಆ ನೀರನ್ನು ಬೇವಿನ ಗಿಡಕ್ಕೆ ಹಾಕಿಸಿದೆವು. ನಮಗೆ ಒಣ ದಿನವೆಂದರೆ ಶುಕ್ರವಾರವಲ್ಲ, ನಳ ಬರುವ ದಿನ.

ತೊಳೆಯಲಾಗದ ದೊಡ್ಡ ತೊಟ್ಟಿಗಳಲ್ಲಿ ಮರಿಹುಳು ತಿನ್ನುವ ಗಪ್ಪಿ ಮೀನು ಬಿಡಿಸಿದ್ದೇವೆ. ಬ್ಲೀಚಿಂಗ್ ಪುಡಿ ಹೆಚ್ಚಾದರೆ ಮೀನು ಸಾಯುತ್ತದೆ ಎಂಬುದೊಂದನ್ನು ನೆನಪಿಡಬೇಕು.

ನಿವೃತ್ತ ಆರೋಗ್ಯ ನಿರೀಕ್ಷಕ, ಮೈಸೂರು

ಶಿಕ್ಷಕರ ಮಾತು ಸರಿ, ನಮ್ಮ ಇಲಾಖೆಯ ಭಿತ್ತಿಪತ್ರಗಳನ್ನು ಬರೆಯುವವರ ಮನೆಯಲ್ಲಿ ದಿನವೂ ನೀರು ಬರುತ್ತಿರುತ್ತದೆ. ಗಪ್ಪಿಯ ಪ್ರಯೋಗ ನಮ್ಮ ರಾಜ್ಯಕ್ಕೆ ಹೊಸದಲ್ಲ. ಕೋಲಾರ ಮತ್ತು ಹಾಸನ ಜಿಲ್ಲೆಗಳ ಹಳ್ಳಿಗಳ ಬಾವಿಗಳಲ್ಲಿ ಮಲೇರಿಯಾ ತಡೆಯಲು ಲಾರ್ವಾ ತಿನ್ನುವ ಮೀನುಗಳನ್ನು ಬಿಟ್ಟು ಒಳ್ಳೆಯ ಫಲ ಕಂಡಿದ್ದರು. ಒಂದು ಎಚ್ಚರಿಕೆ: ಮೀನನ್ನು ಮನೆಯ ತೊಟ್ಟಿ, ಬಾವಿಗಳಿಗೆ ಮಾತ್ರ ಬಿಡಿ. ಕೆರೆ, ಹೊಳೆಗಳಿಗೆ ಬಿಟ್ಟರೆ ಅಲ್ಲಿನ ಸ್ಥಳೀಯ ಮೀನುಗಳಿಗೆ ಅವು ಕಂಟಕವಾಗುತ್ತವೆ.

ಸಿಂಗಾಪುರದಲ್ಲಿರುವ ಕನ್ನಡಿಗ

ಇಲ್ಲಿ ಪರಿಸರ ಇಲಾಖೆಯ ಅಧಿಕಾರಿಗಳು ಮನೆಯೊಳಗೇ ಬಂದು ಬಟ್ಟೆ ಒಣಗಿಸುವ ಬಿದಿರಿನ ಗಳ ಸಿಕ್ಕಿಸುವ ಕೊಳವೆಯ ರಂಧ್ರವನ್ನೂ ನೋಡುತ್ತಾರೆ. ಲಾರ್ವಾ ಸಿಕ್ಕರೆ ದಂಡ ಕಟ್ಟಲೇಬೇಕು. ಇಷ್ಟು ಕಟ್ಟುನಿಟ್ಟಿದ್ದರೂ ಡೆಂಗಿ ಇಲ್ಲಿಂದ ಹೋಗಿಲ್ಲ, 2020ರಲ್ಲಿ 35,000ಕ್ಕೂ ಹೆಚ್ಚು ಪ್ರಕರಣಗಳಾದವು. ದಂಡವೊಂದರಿಂದಲೇ ಎಲ್ಲ ಆಗುತ್ತದೆಂದು ನಂಬುವವರಿಗಾಗಿ ಇದನ್ನು ಬರೆದೆ.

ಒಣ ಕಸ ಸಂಗ್ರಹ ಕೇಂದ್ರದಲ್ಲಿ ಕೆಲಸ ಮಾಡುವವರು, ಬೆಂಗಳೂರು

ಕಸ ಕೊಡುವವರ ಮಾತು ಕೇಳಿದಿರಿ, ತೆಗೆದುಕೊಳ್ಳುವವರ ಮಾತನ್ನೂ ಕೇಳಬೇಕು. ನಾನು ಹದಿನೈದು ವರ್ಷ ಬೀದಿಯಲ್ಲಿ ಚಿಂದಿ ಆಯ್ದು, ಈಗ ಕೇಂದ್ರದಲ್ಲಿ ವಿಂಗಡಣೆ ನೋಡಿಕೊಳ್ಳುತ್ತಿದ್ದೇನೆ. ಬರೆದುಕೊಡುತ್ತಿರುವುದು ನನ್ನ ಮಗ.

ಜನರು ಒಳ್ಳೆಯ ಮನಸ್ಸಿನಿಂದ ಎರಡು ಮೂರು ತಿಂಗಳ ಕಸವನ್ನು ಒಟ್ಟು ಮಾಡಿ ಕಾರಿನಲ್ಲಿ ತಂದು ಇಳಿಸುತ್ತಾರೆ. ಅದರಲ್ಲಿ ಒದ್ದೆಯಾದ ರಟ್ಟು, ಮೊಸರು ಹತ್ತಿದ ಡಬ್ಬಿ, ಅರ್ಧ ನೀರು ತುಂಬಿದ ಬಾಟಲಿಗಳಿದ್ದರೆ ನಮಗೆ ಸಿಗುವ ಬೆಲೆ ಇಳಿಯುತ್ತದೆ. ನೆನೆದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಆ ಡಬ್ಬಿಗಳನ್ನು ಒಂದೊಂದಾಗಿ ಕವುಚುವವರು ನಮ್ಮ ಹೆಣ್ಣುಮಕ್ಕಳು, ಹಗಲೆಲ್ಲ ಅಲ್ಲೇ ಕುಳಿತು ಸೊಳ್ಳೆ ಕಡಿಸಿಕೊಳ್ಳುವವರೂ ಅವರೇ. ಕಳೆದ ವರ್ಷ ನಮ್ಮಲ್ಲಿ ಇಬ್ಬರಿಗೆ ಡೆಂಗಿಯಾಗಿ ಅವರ ದಿನಗೂಲಿ ನಿಂತಿತ್ತು.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮಳೆಗಾಲದಲ್ಲಿ ಒಣ ಕಸವನ್ನು ಮನೆಯೊಳಗೆ, ಸೂರಿನ ಕೆಳಗೆ ಇಡಿ, ತಾರಸಿಯಲ್ಲಿ ಬೇಡ. ಬರುವ ವಾರದ ಒಣ ಕಸದ ಗಾಡಿಗೇ ಕೊಟ್ಟುಬಿಡಿ. ಹಾಲಿನ ಕವರನ್ನು ಮೂಲೆಯ ತುಂಡು ಬೇರೆಯಾಗದಂತೆ ಕತ್ತರಿಸಿ, ಪಾತ್ರೆ ತೊಳೆದು ಉಳಿದ ನೀರಿನಲ್ಲಿ ಅಲುಬಿ, ಒಲೆಯ ಹತ್ತಿರದ ದಾರಕ್ಕೆ ಕ್ಲಿಪ್ಪಿನಿಂದ ನೇತುಹಾಕಿದರೆ ಸಂಜೆಗೆ ಒಣಗಿರುತ್ತದೆ. ಕುಡಿಯುವ ನೀರಿನ ಬಾಟಲಿಯನ್ನು ಹಿಂಡಿ ಚಪ್ಪಟೆ ಮಾಡಿ ಮುಚ್ಚಳ ಹಾಕಿ. ಗಾಳಿಯೂ ಇಲ್ಲ, ನೀರೂ ಹೋಗುವುದಿಲ್ಲ, ಚೀಲದಲ್ಲಿ ಜಾಗವೂ ಉಳಿಯುತ್ತದೆ. ಡಬ್ಬಿಗಳಿಗೆ ಮುಚ್ಚಳವಿದ್ದರೆ ಮುಚ್ಚಿ, ಇಲ್ಲದಿದ್ದರೆ ಒಂದರೊಳಗೊಂದು ತೂರಿಸಿ ಬೋರಲು ಇಡಿ. ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಳೆಯಂತೆ ಮಾಡಿದರೆ ನಮಗೆ ಅರ್ಧ ಕೆಲಸ ಕಡಿಮೆ. ಗಾಜಿನ ಚೂರನ್ನು ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಕೊಟ್ಟರೆ ನಮ್ಮ ಕೈ ಉಳಿಯುತ್ತದೆ.

ಟೈರು ಮಾತ್ರ ನಮಗೆ ಬೇಡ, ನಮ್ಮಲ್ಲಿ ಇಡಲು ಜಾಗವಿಲ್ಲ. ಅದನ್ನು ಪಂಕ್ಚರ್ ಅಂಗಡಿಯಲ್ಲಿ ಹೊಸದು ಹಾಕಿಸುವಾಗಲೇ ಬಿಟ್ಟುಬನ್ನಿ. ಬಣ್ಣ ಬಳಿದು ಗಿಡ ನೆಡುತ್ತೇವೆ ಎಂದು ಮನೆಗೆ ಒಯ್ಯುವವರು, ಅದರ ಒಳಮೈಯಲ್ಲಿ ನಾಲ್ಕಾರು ತೂತು ಕೊರೆಯದೆ ಒಯ್ಯಬೇಡಿ. ಟೈರನ್ನು ಹೇಗೆ ತಿರುಗಿಸಿದರೂ ಎಲ್ಲೋ ಒಂದು ಕಡೆ ನೀರು ನಿಂತೇ ನಿಲ್ಲುತ್ತದೆ.

ಎರಡು ಮಕ್ಕಳ ತಂದೆ, ತುಮಕೂರು

ಸೊಳ್ಳೆಯನ್ನು ತಡೆಯುವ ಮಾತಾಯಿತು. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದ ಮೇಲೆ ಉಳಿದವರಿಗೆ ಹರಡದಂತೆ ಏನು ಮಾಡಬೇಕು? ಪರಂಗಿ ಎಲೆಯ ರಸ ಕುಡಿಸಿದರೆ ಸಾಕೆಂದು ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ.

ಶುಶ್ರೂಷಕಿ, ಶಿವಮೊಗ್ಗ

ಡೆಂಗಿ ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ಅಂಟುವುದಿಲ್ಲ, ಆದರೆ ಜ್ವರವಿರುವವರನ್ನು ಕಚ್ಚಿದ ಸೊಳ್ಳೆ ಎಂಟು ಹತ್ತು ದಿನಗಳ ನಂತರ ಬೇರೆಯವರಿಗೆ ಅದನ್ನು ದಾಟಿಸಬಲ್ಲದು. ಆದ್ದರಿಂದ ಜ್ವರದ ಮೊದಲ ವಾರದಲ್ಲಿ ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಇದನ್ನು ಮಾಡುವ ಮನೆಗಳು ಬಹಳ ಕಡಿಮೆ, ಏಕೆಂದರೆ ಸೊಳ್ಳೆಪರದೆ ಎಂದರೆ ರಾತ್ರಿಯ ವಸ್ತು ಎಂದೇ ನಮ್ಮ ಎಣಿಕೆ.

ಪರಂಗಿ ಎಲೆಯ ರಸವನ್ನು ನೆಚ್ಚಿಕೊಂಡು ಆಸ್ಪತ್ರೆಗೆ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ. ರಸ ಕುಡಿಸುವ ಭರದಲ್ಲಿ ವಾಂತಿ ಹೆಚ್ಚಾಗಿ ಮಗು ಸೊರಗಿದ್ದನ್ನೂ ನೋಡಿದ್ದೇನೆ. ಮನೆಯಲ್ಲಿ ಕೊಡಬೇಕಾದದ್ದು ನೀರು, ಗಂಜಿ, ಎಳನೀರು, ಓಆರ್‌ಎಸ್; ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಜ್ವರ ಇಳಿದ ದಿನವೇ ಗಂಡಾಂತರ ಕಳೆಯಿತೆಂದು ತಿಳಿಯಬೇಡಿ. ಮೂರರಿಂದ ಏಳನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿನಲ್ಲೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಈ ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ; ಒಮ್ಮೆ ಬಂದವರಿಗೆ ಇನ್ನೊಂದು ಬಗೆಯದು ಬಂದಾಗ ಅದು ಹೆಚ್ಚು ತೀವ್ರವಾಗುವ ಸಂಭವವಿದೆ. ಹಿರಿಯರ ಮೊಮ್ಮಗಳ ವಿಷಯದಲ್ಲಿ ಇದನ್ನು ನೆನಪಿಡಬೇಕು.

ಅದೇ ರಸ್ತೆಯ ಹಿರಿಯ ನಾಗರಿಕ

ತಾಯಿ, ನೀವು ಹೇಳಿದ ಕೊನೆಯ ಮಾತನ್ನು ಯಾರೂ ನಮಗೆ ಇಷ್ಟು ಬಿಡಿಸಿ ಹೇಳಿರಲಿಲ್ಲ. ಫಾಗಿಂಗ್ ವಿಷಯದಲ್ಲಿ ನಿರೀಕ್ಷಕರ ಮಾತನ್ನು ಒಪ್ಪುತ್ತೇನೆ. ಆದರೆ ನಮ್ಮ ರಸ್ತೆಯ ಕೊನೆಯ ಖಾಲಿ ನಿವೇಶನದ ಗತಿಯೇನು? ಮಾಲೀಕರು ಯಾರೆಂದೇ ಗೊತ್ತಿಲ್ಲ, ಎಳನೀರು ಗಾಡಿಯವನು ಬುರುಡೆಗಳನ್ನು ಅಲ್ಲೇ ಸುರಿಯುತ್ತಾನೆ. ಬೀಗ ಹಾಕಿಕೊಂಡು ವಿದೇಶಕ್ಕೆ ಹೋದವರ ತಾರಸಿಗೆ ಯಾರು ಹತ್ತಬೇಕು?

ನಿವೃತ್ತ ಆರೋಗ್ಯ ನಿರೀಕ್ಷಕ, ಮೈಸೂರು

2024ರಲ್ಲಿ ಡೆಂಗಿ ಹೆಚ್ಚಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ದಂಡವನ್ನು ನಿಗದಿ ಮಾಡಿತು. ನಗರ ಪ್ರದೇಶದ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಕಟ್ಟಡಗಳಿಗೆ 1,000, ಖಾಲಿ ನಿವೇಶನ ಹಾಗೂ ನಡೆಯುತ್ತಿರುವ ಕಾಮಗಾರಿಗಳಿಗೆ 2,000 ರೂಪಾಯಿ. ಗ್ರಾಮೀಣ ಪ್ರದೇಶದಲ್ಲಿ ಇದರ ಅರ್ಧ. ಆದ್ದರಿಂದ ನಿವಾಸಿಗಳ ಸಂಘದ ಪತ್ರದಲ್ಲಿ ನಿವೇಶನದ ಸಂಖ್ಯೆಯನ್ನೂ ನೀರು ನಿಂತಿರುವ ಫೋಟೋವನ್ನೂ ಸೇರಿಸಿ ವಾರ್ಡ್ ಕಚೇರಿಗೆ ಕೊಟ್ಟರೆ ಅದಕ್ಕೆ ಕಾನೂನಿನ ಬಲವಿದೆ. ಎಳನೀರು ಗಾಡಿಯವನಿಗೆ ಮಾತ್ರ ದಂಡದ ಮಾತು ಆಡಬೇಡಿ. ಬುರುಡೆಯನ್ನು ಕೊಚ್ಚಿ ನಾಲ್ಕು ಹೋಳು ಮಾಡುವ ಮಚ್ಚು ಅವನ ಕೈಯಲ್ಲೇ ಇದೆ. ಹೋಳಾದ ಬುರುಡೆ ನೀರು ಹಿಡಿಯುವುದಿಲ್ಲ, ಬೇಗ ಒಣಗುತ್ತದೆ, ಎತ್ತಲೂ ಸುಲಭ. ನಿಮ್ಮ ಸಂಘದವರು ಅವನಿಗೆ ಎರಡು ಗೋಣಿಚೀಲ ಕೊಟ್ಟು, ಅದನ್ನು ಎತ್ತುವ ಗಾಡಿಯ ದಿನವನ್ನು ಹೇಳಿ ನೋಡಿ.

ಮೂರನೇ ಅಡ್ಡರಸ್ತೆಯ ನಿವಾಸಿ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಮೂರು ಶುಕ್ರವಾರಗಳ ನಂತರ ಬರೆಯುತ್ತಿದ್ದೇನೆ. ತಾರಸಿಯ ಗೋಣಿಚೀಲ ಈಗ ಮೆಟ್ಟಿಲಿನ ಕೆಳಗೆ ಬಂದಿದೆ, ವಾರಕ್ಕೊಮ್ಮೆ ಗಾಡಿಗೆ ಹೋಗುತ್ತಿದೆ. ನಮ್ಮ ರಸ್ತೆಯ ಹತ್ತು ಮನೆಯವರು ಶುಕ್ರವಾರ ಬೆಳಿಗ್ಗೆ ಹತ್ತು ನಿಮಿಷ ತಮ್ಮ ಮನೆಯನ್ನು ಬಿಟ್ಟು ಪಕ್ಕದ ಮನೆಯ ತಾರಸಿ, ಹಿತ್ತಿಲುಗಳನ್ನು ನೋಡುವುದೆಂದು ಮಾಡಿಕೊಂಡಿದ್ದೇವೆ. ನಮ್ಮ ಮನೆಯದು ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಆ ಮೊಸರಿನ ಡಬ್ಬಿಯೇ ನನಗೆ ತೋರಿಸಿತ್ತು. ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ ನೀರು ನಿಲ್ಲುತ್ತದೆ ಎಂಬುದು ನಮ್ಮಲ್ಲಿ ಆರು ಮನೆಯವರಿಗೆ ಮೊದಲ ಬಾರಿಗೆ ಗೊತ್ತಾಯಿತು. ಖಾಲಿ ನಿವೇಶನದ ಪತ್ರ ವಾರ್ಡ್ ಕಚೇರಿಗೆ ತಲುಪಿದೆ, ಉತ್ತರ ಬಂದಿಲ್ಲ. ಎಳನೀರಿನವನು ಬುರುಡೆ ಕೊಚ್ಚಲು ಒಪ್ಪಿದ್ದಾನೆ, ಸಂಜೆ ವ್ಯಾಪಾರ ಜೋರಾದಾಗ ಮರೆಯುತ್ತಾನೆ.

ಹಿರಿಯರ ಮನೆಯನ್ನು ನೋಡುವ ಸರದಿ ಮೊದಲ ವಾರವೇ ನನಗೆ ಬಂದಿತ್ತು. ಅವರು ಮುನಿಸಿಕೊಳ್ಳುವುದಿಲ್ಲವೆಂಬ ಭರವಸೆಯಿಂದ ಬರೆಯುತ್ತಿದ್ದೇನೆ: ತಾರಸಿಯಲ್ಲಿ ಒಂದು ಡಬ್ಬಿಯೂ ಇರಲಿಲ್ಲ, ಆದರೆ ಹಿತ್ತಿಲಿನಲ್ಲಿ ಅವರ ತಾಯಿಯವರ ಕಾಲದ ಒರಳುಕಲ್ಲು ಮಳೆನೀರು ತುಂಬಿಕೊಂಡು ಕುಳಿತಿತ್ತು. ಅದನ್ನು ಕವುಚಲು ನಾವಿಬ್ಬರೂ ಸೇರಿದರೂ ಆಗಲಿಲ್ಲ, ತಿಕ್ಕಿ ತೊಳೆದು ಅದರ ಗುಂಡಿಗೆ ಮರಳು ತುಂಬಿದ್ದೇವೆ.

ಅದೇ ರಸ್ತೆಯ ಹಿರಿಯ ನಾಗರಿಕ

ಮರಳಿನ ಮೇಲೆ ಈಗ ಮೊಮ್ಮಗಳು ದೊಡ್ಡಪತ್ರೆಯ ಕಡ್ಡಿ ಚುಚ್ಚಿದ್ದಾಳೆ. ಮುಂದಿನ ಶುಕ್ರವಾರ ಬಂದಾಗ ಹಳೆಯ ಟೈರು ಎರಡು ಇವೆ, ಪಂಕ್ಚರ್ ಅಂಗಡಿಯವರೆಗೆ ಸ್ಕೂಟರಿನಲ್ಲಿ ಒಯ್ಯಲು ಜೊತೆಯಾಗಬೇಕು.